ಪುಸ್ತಕಕ್ಕೆ ಕಟ್ಟಿದ ಎಳೆಗಳು

ಬೆಟಗೇರಿಯ ನೇಕಾರರ ಓಣಿಯ ಶಾಲೆಗೆ ನಾನು ಹೋದದ್ದು ಒಂದು ಸಣ್ಣ ಸುದ್ದಿಗಾಗಿ. ಅಲ್ಲಿನ ಗ್ರಂಥಾಲಯಕ್ಕೆ ಒಂದು ಸಂಸ್ಥೆ ಎರಡು ವರ್ಷದ ಅನುದಾನ ಮಂಜೂರು ಮಾಡಿತ್ತು. ಮೊದಲ ವರ್ಷದ ಪುಸ್ತಕಗಳನ್ನು ಮಕ್ಕಳು ಓದಿದ್ದಾರೆಂದು ಖಾತ್ರಿಯಾದರೆ ಮಾತ್ರ ಎರಡನೆಯ ಕಂತು. ಅದನ್ನು ನೋಡಲು ಸಂಸ್ಥೆಯ ಅಧಿಕಾರಿ ಅಂದು ಬಂದಿದ್ದರು.

"ಪುಸ್ತಕ ಕೊಟ್ಟ ರಜಿಸ್ಟರ್ ತೋರಸ್ರಿ," ಎಂದರು.

ದಿನವೂ ಲಕ್ಷ್ಮೇಶ್ವರದಿಂದ ಬಸ್ಸಿನಲ್ಲಿ ಬರುವ ಶಿಕ್ಷಕಿ, ಮಕ್ಕಳ ಬಾಯಲ್ಲಿ ಅಕ್ಕೋರು, ಖಾಲಿ ರಜಿಸ್ಟರನ್ನು ಮುಂದಿಟ್ಟರು. "ಬರಿಯಾಕ ಬರದ ಮಕ್ಕಳು ಹೆಸರು ಹೆಂಗ ಬರೀಬೇಕ್ರಿ? ಅದಕ ಎಳಿ ಕಟ್ಟಿಸೇನ್ರಿ."

ಕಪಾಟು ತೆರೆದರು. ಪ್ರತಿ ಪುಸ್ತಕದ ಹೊಲಿಗೆಯಿಂದಲೂ ಬಣ್ಣಬಣ್ಣದ ನೂಲು ಇಳಿಬಿದ್ದಿತ್ತು. ಕೆಲವು ನೆಲ ಮುಟ್ಟಿದ್ದವು. ಮಗ್ಗದಲ್ಲಿ ಹಾಸಿನ ಉದ್ದ ನೂಲು ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಕೂಡಿಸುವುದನ್ನು ನೋಡುತ್ತಲೇ ಬೆಳೆದ ಮಕ್ಕಳು ಇವರು. ಮನೆಯಲ್ಲಿ ಉಳಿದ ನೂಲಿನಿಂದ ಎರಡು ಬಣ್ಣ ಹೊಸೆದು ಪ್ರತಿಯೊಬ್ಬರೂ ತಮ್ಮ ಗುರುತು ಮಾಡಿಕೊಂಡಿದ್ದರು. ಓದಿ ಮುಗಿಸಿದವರು ಹಿಂದಿನವರ ಎಳೆಗೆ ತಮ್ಮದನ್ನು ಗಂಟು ಹಾಕಬೇಕು. ಬರೆದುಕೊಳ್ಳುವುದನ್ನು ಮರೆತು ನೋಡುತ್ತಾ ನಿಂತೆ.

"ಗಂಟು ಹಾಕಿದ್ರ ಓದಿದಂಗ ಆತೇನ್ರಿ? ಹಂಗಾದ್ರ ನಾನೂ ಒಂದು ಹಾಕಿ ಹೋಗ್ತೀನಿ," ಅಧಿಕಾರಿ ನಕ್ಕರು.

"ಆಗಂಗಿಲ್ರಿ ಸರ!" ಎಂದಳು ಹಿಂದಿನ ಸಾಲಿನ ಹುಡುಗಿ. "ಮೊದಲ ನಮ್ಮ ಮುಂದ ಓದಿ ತೋರಸ್ಬೇಕ್ರಿ. ಈಕಿ ಸುಳ್ಳ ಗಂಟು ಹಾಕಿದ್ಲು, ಎರಡು ಸಲ ಬಿಚ್ಚಿಸೇವ್ರಿ."

"ಈಗ ಖರೇನ ಓದೇನಿ, ಸುಮ್ಕಿರಬೇ," ಎಂದಳು ಪಕ್ಕದವಳು, ತಲೆ ತಗ್ಗಿಸಿ.

ಅಧಿಕಾರಿ ಆ ಗಂಟಿದ್ದ ಪುಸ್ತಕವನ್ನು ಕಪಾಟಿನಿಂದ ತೆಗೆಸಿ, ಆ ಪಕ್ಕದವಳ ಕೈಗೇ ಕೊಟ್ಟು ಒಂದು ಪುಟ ಓದಲು ಹೇಳಿದರು. ಹಿಂದಿನ ವರ್ಷ ಅವಳಿಗೆ ಅಕ್ಷರಗಳ ಗುರುತೇ ಇರಲಿಲ್ಲವೆಂದು ಅಕ್ಕೋರು ಮೆಲ್ಲಗೆ ನನಗೆ ಹೇಳಿದರು. ಅವಳು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ಒತ್ತಕ್ಷರ ಬಂದಲ್ಲಿ ನಿಂತಳು, ಬಾಯೊಳಗೇ ಬಿಡಿಸಿಕೊಂಡಳು, ಮುಂದೆ ಹೋದಳು. ಪುಟ ಮುಗಿಯಿತು. ಅವಳೇ ಮಗುಚಿ ಮುಂದಿನದಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಓಣಿಯಿಂದ ಮಗ್ಗದ ಸಪ್ಪಳವಷ್ಟೇ ಕೇಳುತ್ತಿತ್ತು. ಎಷ್ಟೋ ಸಭೆಗಳ ವರದಿ ಮಾಡಿದ್ದೇನೆ. ಅಷ್ಟು ಕಿವಿಗೊಟ್ಟು ಕುಳಿತ ಕೋಣೆಯನ್ನು ಮತ್ತೆಲ್ಲೂ ಕಂಡಿಲ್ಲ.

ಅವಳು ನಿಲ್ಲಿಸಿದ ಮೇಲೆ ಅಧಿಕಾರಿ ಅಕ್ಕೋರಿಗೆ ಹೇಳಿದರು: "ರಜಿಸ್ಟರ್ ಬದ್ಲಿ ಈ ಪುಸ್ತಕಾನ ಒಯ್ತೀನ್ರಿ, ಆಫೀಸಿನ್ಯಾಗ ತೋರಸಾಕ."

"ಬ್ಯಾಡ್ರಿ ಸರ," ಗೆಳತಿಯ ಗಂಟು ಬಿಚ್ಚಿಸಿದ್ದ ಹುಡುಗಿ ಎದ್ದು ನಿಂತಳು. "ಅದಕ್ಕ ನನ್ನ ಎಳಿ ಇನ್ನೂ ಕಟ್ಟಿಲ್ರಿ."

ಅವರು ಪುಸ್ತಕವನ್ನು ಕಪಾಟಿಗೆ ಮರಳಿಸಿದರು. ತಪಾಸಣಾ ಪತ್ರದಲ್ಲಿ ರಜಿಸ್ಟರಿನ ಅಂಕಣದೆದುರು ಆ ಹುಡುಗಿಯ ಮಾತನ್ನೇ ಬರೆದು, ಎರಡನೆಯ ಕಂತಿಗೆ ಸಹಿ ಮಾಡಿದರು.