ಬೇಗ ಎದ್ದ ದುಂಬಿ

ಗುಲಾಬಿ ಅಮೆರಿಕದ ಲಾರೆನ್ಸ್‌ವಿಲ್ಲಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಬಳಿ ಸಹಾಯಕಿ. ಹುಟ್ಟಿದ್ದು ಉಡುಪಿ ಹತ್ತಿರದ ಮಟ್ಟುವಿನಲ್ಲಿ. ಹಾಗಾಗಿ ಬದನೆಯೆಂದರೆ ಮಟ್ಟುಗುಳ್ಳವೇ, ಬೇರೆಯದಕ್ಕೆಲ್ಲ ಅವಳ ಅಡುಗೆಮನೆಯಲ್ಲಿ ಜಾಗವಿಲ್ಲ. 2006ರ ಬೇಸಿಗೆಯಲ್ಲಿ ಅವಳ ಹಿತ್ತಲ ಗುಳ್ಳದ ಗಿಡಗಳು ಮೈತುಂಬ ಹೂ ಬಿಟ್ಟವು, ಕಾಯಿ ಮಾತ್ರ ಬೆರಳೆಣಿಕೆ. ಸಸಿಗಳ ನರ್ಸರಿ ನಡೆಸುವ ಡಾಟ್ ಎಂಬ ಮುದುಕಿ ಕಾರಣ ಹೇಳಿದಳು: ದುಂಬಿ ಬಂದು ಹೂವನ್ನು ತಬ್ಬಿ ಗುಂಯ್ಯೆಂದು ನಡುಗಿಸಿದರೆ ಪರಾಗ ಚೆನ್ನಾಗಿ ಉದುರುತ್ತದೆ, ಈಚೆಗೆ ದುಂಬಿಗಳೇ ಕಡಿಮೆ.

ಮರುದಿನ ಬೆಳಿಗ್ಗೆ ಗಂಡ ಭುಜಂಗ ತನ್ನ ಬ್ಯಾಟರಿ ಟೂತ್‌ಬ್ರಷ್ ಹುಡುಕುತ್ತ ಹಿತ್ತಲಿಗೆ ಬಂದರೆ, ಅದು ಬದನೆ ಹೂವಿಗೆ ಒರಗಿ ಗುರುಗುಟ್ಟುತ್ತಿತ್ತು.

“ಎಂತ ಮಾರಾಯ್ತಿ, ಅದು ನನ್ನ ಬ್ರಷ್!”

“ದುಂಬಿ ಕೆಲಸಕ್ಕೆ ಬರ್ಲಿಲ್ಲ. ಸಬ್‌ಸ್ಟಿಟ್ಯೂಟ್ ಬೇಕಲ್ಲ?”

ಆ ವರ್ಷದ ಚಳಿಗಾಲ ಚಳಿಗಾಲದಂತಿರಲಿಲ್ಲ. ಮಾರ್ಚ್ ಬರುವ ಮೊದಲೇ ಹೆಬ್ಬೆರಳ ಗಾತ್ರದ ರಾಣಿ ದುಂಬಿಯೊಂದು ನೆಲದಿಂದೆದ್ದು ಬಂದು, ಅವರ ಶೆಡ್ಡಿನಲ್ಲಿದ್ದ ಹಳೆಯ ಕೌದಿಯೊಳಗೆ ಮನೆ ಮಾಡಿತು. ಗುಲಾಬಿ ಹಿಗ್ಗಿದಳು. ಡಾಟ್ ಹಿಗ್ಗಲಿಲ್ಲ. “ಸೆಕೆ ಬೇಗ ಬಂತೂಂತ ಇವೂ ಬೇಗ ಏಳ್ತವಂತೆ. ಮತ್ತೆ ಚಳಿ ಬಂದ್ರೆ ಹೂವೂ ಇಲ್ಲ, ಊಟವೂ ಇಲ್ಲ,” ಎಂದು ಅವಳ ಮಾತನ್ನು ಗುಲಾಬಿ ಗಂಡನಿಗೆ ದಾಟಿಸಿದಳು.

ಭುಜಂಗನಿಗೆ ಅದಾವುದೂ ಬೇಕಿರಲಿಲ್ಲ. ಚಿಕ್ಕಂದಿನಲ್ಲಿ ಕಣಜದಿಂದ ಕಡಿಸಿಕೊಂಡು ಮುಖ ಹಲಸಿನಕಾಯಿಯಾದವನು. ಹುಲ್ಲು ಕತ್ತರಿಸುವ ಯಂತ್ರ ತೆಗೆಯಲು ಶೆಡ್ಡಿಗೆ ಹೋದಾಗ ಗುಂಯ್ಗುಡುವಿಕೆ ಕೇಳಿ, ಯಂತ್ರವನ್ನು ಅಲ್ಲೇ ಬಿಟ್ಟು ಓಡಿಬಂದ. ಕೀಟ ಕೊಲ್ಲುವವರಿಗೆ ಫೋನ್ ಮಾಡಿದ. ಈಸ್ಟರ್ ಕಳೆದ ಸೋಮವಾರ ಬರುತ್ತೇವೆಂದರು. ಗುಲಾಬಿ ಎರಡು ದಿನ ಅವನೊಡನೆ ಮಾತು ಬಿಟ್ಟಳು.

ಈಸ್ಟರ್ ಹೊತ್ತಿಗೆ ಡಾಟ್ ಹೆದರಿದ್ದೇ ಆಯಿತು. ಒಂದೇ ರಾತ್ರಿಯ ಹಿಮಕ್ಕೆ ಬೀದಿಯ ಹೂವೆಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಾಯಿತು. ಗ್ಯಾರೇಜಿನೊಳಗೆ ಕುಂಡದಲ್ಲಿ ಹೂಬಿಟ್ಟಿದ್ದ ಸಾಸಿವೆ ಗಿಡಗಳನ್ನು ಗುಲಾಬಿ ಶೆಡ್ಡಿನ ಬಾಗಿಲಿಗೆ ತಂದಿಟ್ಟು, ಶನಿವಾರದ ಕೆಲಸಕ್ಕೆ ಹೊರಟುಹೋದಳು.

ಭುಜಂಗ ಅಡುಗೆಮನೆಯ ಕಿಟಕಿಯಿಂದ ಇಣುಕಿದ. ರಾಣಿ ಸಾಸಿವೆ ಎಲೆಯ ಮೇಲೆ ಬಿದ್ದುಕೊಂಡಿತ್ತು. ಕಾಫಿ ಕುಡಿದು ಮತ್ತೆ ನೋಡಿದ, ಅಲ್ಲೇ ಇತ್ತು. “ಸಾಯ್ಲಿ,” ಎಂದು ಟೀವಿ ಹಾಕಿದ. ಟೀವಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಕೊನೆಗೆ ಉಣ್ಣೆಯ ಟೋಪಿ, ಓವನ್ನಿನ ದಪ್ಪ ಕೈಗವಸು, ಈಜುವ ಕನ್ನಡಕ ಹಾಕಿಕೊಂಡು, ಬೆಚ್ಚಗಿನ ಸಕ್ಕರೆ ನೀರಿನ ಚಮಚ ಹಿಡಿದು ಹೊರಟ. ಪಕ್ಕದ ಮನೆಯವರು ಪರದೆ ಸರಿಸಿ ನೋಡಿದರು.

ಚಮಚ ಬಾಯಿಯ ಬಳಿ ಬಂದಾಗ ರಾಣಿ ನಾಲಿಗೆ ಚಾಚಿತು. ಕುಡಿಯಿತು. ಹೊಟ್ಟೆ ಮೆಲ್ಲಗೆ ಮಿಡಿಯತೊಡಗಿತು. ಆಮೇಲೆ, ಸಾಕು ಎನ್ನುವಂತೆ, ಒಂದು ಕಾಲನ್ನು ಅವನತ್ತ ಎತ್ತಿತು. ಚಮಚ ಒಂದು ಕಡೆ, ಭುಜಂಗ ಇನ್ನೊಂದು ಕಡೆ.

ಸಂಜೆ ಗುಲಾಬಿ ಮನೆಗೆ ಬಂದಾಗ ಅವನು ಕೀಟ ಕೊಲ್ಲುವವರೊಡನೆ ಫೋನಿನಲ್ಲಿದ್ದ. “ನೋ ನೋ, ಕ್ಯಾನ್ಸಲ್ ಇಟ್. ದೇ ಆರ್ ಫ್ಯಾಮಿಲಿ,” ಎಂದವನು ಅವಳನ್ನು ಕಂಡು ಸಿಡುಕಿದ: “ಎಂತ ನೋಡ್ತಿ? ಸಕ್ಕರೆ ಮುಗಿದಿದೆ, ತರ್ಬೇಕು.”

ಮೇ ತಿಂಗಳಲ್ಲಿ ಶೆಡ್ಡಿನಿಂದ ಸಣ್ಣ ಸಣ್ಣ ದುಂಬಿಗಳು ಹೊರಬಂದವು. ಜುಲೈಯಲ್ಲಿ ಗುಳ್ಳ ಎಷ್ಟು ಕಾಯಿ ಬಿಟ್ಟಿತೆಂದರೆ ಡಾಟ್‌ಗೂ ಒಂದು ಬುಟ್ಟಿ ಹೋಯಿತು. ಭುಜಂಗ ಆಫೀಸಿನಲ್ಲಿ ಊಟದ ಹೊತ್ತಿಗೆ ದುಂಬಿಯ ಮಾತು ತೆಗೆದರೆ ಜನ ತಟ್ಟೆ ಹಿಡಿದು ಏಳುವಂತಾಯಿತು.

ಮಳೆ ಕಾಣದ ಆ ವರ್ಷದ ಶರತ್ಕಾಲದಲ್ಲಿ ಗೂಡು ಖಾಲಿಯಾಯಿತು. ಹಳಬರು ಸಾಯುವುದು, ಹೊಸ ರಾಣಿಯರು ಮಣ್ಣಿಗಿಳಿಯುವುದು ಅವುಗಳ ಕ್ರಮವೆಂದು ಡಾಟ್ ಹೇಳಿದರೂ ಭುಜಂಗ ಎರಡು ದಿನ ಮುಖ ಊದಿಸಿಕೊಂಡಿದ್ದ.

“ಒಂದು ಮಾತು ಹೇಳದೆ ಹೋದ್ವಲ್ಲ.”

“ಅವಕ್ಕೆ ನಿಮ್ಮ ಪರ್ಮಿಶನ್ ಬೇಕಾ ಮಾರಾಯ್ರೆ?” ಎಂದು ಗುಲಾಬಿ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.