ಹೀಟರಿನ ಹೊಟ್ಟೆಯೊಳಗೆ

ಹೊನ್ನಾಳಿಯಂಥ ಊರಿನಲ್ಲಿ ಕಾರಿಗೆ ಹೀಟರ್ ಯಾಕೆ ಎಂದು ನೀವು ನಗುವ ಮೊದಲು ನಾನೇ ನಕ್ಕುಬಿಡುತ್ತೇನೆ. ಬೇಸಿಗೆಯಲ್ಲಿ ಇಲ್ಲಿ ಕಾರೇ ಒಂದು ಹೀಟರ್! ಆದರೂ ೧೯೮೦ರ ಆಚೀಚೆ ನಾನು ಕೊಂಡ ಹಳೆಯ ಕಾರಿನಲ್ಲಿ ಅದಿತ್ತು. ಅದರ ಮೊದಲಿನ ಒಡೆಯರಾದ ಕಾಫಿ ತೋಟದ ಮ್ಯಾನೇಜರೊಬ್ಬರು ಹಾಕಿಸಿಕೊಂಡಿದ್ದರಂತೆ. ಊರಲ್ಲಿ ಯಾರ ಬಳಿಯೂ ಇಲ್ಲದ ಸಾಮಾನು! ಕಂಡಕಂಡವರನ್ನೆಲ್ಲ ಕರೆದು ಅದರ ಗುಂಡಿ ತೋರಿಸಿದ್ದೆ.

ಮಾಗಿ ಬಂತು. ನಸುಕಿನಲ್ಲಿ ಹೊಳೆಯ ಕಡೆಯಿಂದ ಮಂಜು ಎದ್ದರೆ ಕಾರಿನ ಗಾಜು ಒಳಗಿನಿಂದಲೂ ಮಸುಕು. ಹೀಟರಿನ ಫ್ಯಾನು ಬಿಸಿಗಾಳಿ ಊದಿದರೆ ಅದು ತಿಳಿಯಾಗಬೇಕು. ಗುಂಡಿ ತಿರುಗಿಸಿದೆ. ಉಸಿರಿಲ್ಲ. ಮದುವೆಗೆಂದು ಹೊರಟಿದ್ದ ನ್ಯಾಮತಿಯವರೆಗೂ ನನ್ನ ಹೆಂಡತಿ ರೇಷ್ಮೆ ಸೆರಗಿನಲ್ಲಿ ಗಾಜು ಒರೆಸಿದಳು. ಮನೆಗೆ ಬಂದವಳೇ ತೀರ್ಪು ಕೊಟ್ಟಳು: "ಅದು ಗಾಳಿ ಊದಾ ತನಕ ನಾ ಈ ಕಾರ್ ಹತ್ತಂಗಿಲ್ಲ ನೋಡ್ರಿ. ನಾಳೆ ಉಬ್ರಾಣಿಗೆ ಬಸ್ಸಿಗೇ ಹೋಗ್ತೀನಿ."

ಉಬ್ರಾಣಿ ಅವಳ ತವರು. ಮರುದಿನ ಅವಳ ತಮ್ಮನ ಮಗುವಿಗೆ ನಾಮಕರಣ. ಕಾರು ಕೊಂಡ ಮೇಲೆ ಅತ್ತೆಮನೆಗೆ ಮೊದಲ ಸವಾರಿ! ಹೆಂಡತಿ ಬಸ್ಸಿನಿಂದ ಇಳಿದು, ಹಿಂದೆ ಅಳಿಯ ಒಬ್ಬನೇ ಕಾರಿನಲ್ಲಿ ಹೋದರೆ ಮುಖ ಎಲ್ಲಿಡುವುದು? ಊಟ ಮಾಡಿದವನೇ ಬನಿಯನ್ನಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನಡಿ ತೂರಿದೆ.

ಫ್ಯೂಸ್ ನೋಡಿದೆ, ಸರಿಯಿತ್ತು. ಸ್ವಿಚ್ಚಿನವರೆಗೆ ಕರೆಂಟು ಬರುತ್ತಿತ್ತು. ಕೊನೆಗೆ ಬ್ಯಾಟರಿಯಿಂದ ನೇರ ವೈರು ಎಳೆದು ಮೋಟಾರಿಗೆ ಮುಟ್ಟಿಸಿದೆ. "ಗುಂಯ್" ಅಂದಿತು! ಜೀವ ಇದೆ! ಆದರೆ ತಿರುಗುತ್ತಿಲ್ಲ. ಸದ್ದು ಕೇಳಿ ಹೆಂಡತಿ ಅಡಿಗೆಮನೆಯಿಂದ ಬಂದಳು.

"ರೀ, ಅಕ್ಕಿ ನೆನೆಸ್ದೆ ಹಾಕಿದ್ರೆ ನಮ್ಮ ಮಿಕ್ಸಿನೂ ಹಿಂಗೇ ಕೂಗ್ತೈತೆ. ಒಳಗೇನೋ ಸಿಕ್ಕೊಂಡೈತೆ, ಬಿಚ್ಚಿ ನೋಡ್ರಿ."

ಬಿಚ್ಚಿದೆ. ಒಳಗೆ ಒಣಗಿದ ಚೆಂಡುಹೂವು, ಅರಿಶಿನ ಕುಂಕುಮ ಮೆತ್ತಿ ಗಟ್ಟಿಯಾದ ಅಕ್ಷತೆಯ ಉಂಡೆ! ಆಯುಧಪೂಜೆಯ ದಿನ ಗಾಜಿನ ಕೆಳಗಿನ ಗಾಳಿಕಿಂಡಿಯಲ್ಲಿ ಇಳಿದದ್ದು. ನಾವು ಯಂತ್ರವನ್ನು ಬರೀ ದುಡಿಸಿಕೊಳ್ಳುವ ಜನವಲ್ಲ, ನೋಡಿ. ತಕ್ಕಡಿ, ರಾಟೆ, ಪಂಪ್‌ಸೆಟ್ ಯಾವುದಕ್ಕೂ ವರ್ಷಕ್ಕೊಮ್ಮೆ ಕುಂಕುಮ ತಪ್ಪಿಸುವುದಿಲ್ಲ. ನಮ್ಮ ಆಫೀಸಿನ ಟೈಪ್‌ರೈಟರಿಗೂ ದಸರೆ ಮುಗಿದ ಮೇಲೆ ಒಂದೆರಡು ಅಕ್ಷರ ಏಳುತ್ತಿರಲಿಲ್ಲ. ಭಕ್ತಿ ಹೆಚ್ಚಾದರೆ ಯಂತ್ರಕ್ಕೆ ಅಜೀರ್ಣ.

"ನೋಡು ನಿನ್ನ ಪೂಜೆ!" ಎಂದೆ, ಗೆದ್ದವನಂತೆ.

"ನಾ ಹಾಕಿದ್ದು ನಾಕೇ ಕಾಳು. ಹೊಸ ಕಾರು ಅಂತ ಕುಣೀತಾ ಬೊಗಸೆಗಟ್ಟಲೆ ಎಸೆದೋರು ಯಾರು?"

ಖುಷಿ ಬಂದರೆ ನನ್ನ ಕೈ ನಿಲ್ಲುವುದಿಲ್ಲ, ಏನು ಮಾಡಲಿ! ಕೈಗೆ ಸಿಕ್ಕಿದ್ದನ್ನೆಲ್ಲ ಕೆರೆದು ತೆಗೆದು, ಮುಚ್ಚಳ ಹಾಕಿ, ಇಬ್ಬರೂ ಮುಂದಿನ ಸೀಟಿನಲ್ಲಿ ಕೂತು ಗುಂಡಿ ತಿರುಗಿಸಿದೆವು. ಭರ್ರ್! ಫ್ಯಾನು ತಿರುಗಿತು! ಉಳಿದಿದ್ದ ಅಕ್ಷತೆಯೆಲ್ಲ ಹಾರಿ ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ನಾನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಓಡಿಬಂದರು.

"ಇನ್ನೊಂದ್ಸಲ ಮದುವೆ ಆದಂಗಾತು ಬಿಡ್ರಿ" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಮಂಜು ಸೀಳಿಕೊಂಡು ಬೆಚ್ಚಗೆ ಉಬ್ರಾಣಿಗೆ ಹೋದೆವು. ಊಟದ ಪಂಕ್ತಿಯಲ್ಲಿ ಅವಳ ತಮ್ಮ ಕೇಳಿದ: "ಭಾವಾರೇ, ಹೀಟರ್ ಕೆಟ್ಟಿತ್ತಂತಲ್ಲ, ಯಾವ ಮೆಕ್ಯಾನಿಕ್ ಮಾಡಿಕೊಟ್ಟ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೆಕ್ಯಾನಿಕ್ ಯಾಕೆ? ನಮ್ಮನೆಯವ್ರೇ ಕೂತ್ಕೊಂಡು ಪತ್ತೆ ಹಚ್ಚಿದ್ರು."

ತವರಿನಲ್ಲಿ ಹೆಂಡತಿ ಆಡಿದ ಮಾತನ್ನು ತಿದ್ದಲು ಹೋಗುವ ಗಂಡ ನಾನಲ್ಲ. ಗಂಭೀರವಾಗಿ ತಲೆಯಾಡಿಸಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.