ಒರೆಸ್ಟ್ ಬೇಡವೆಂದ ಹುಡುಗ

ಒರೆಸ್ಟ್ ಹ್ರಿಚುಕ್ ಆಗಸ್ಟ್ ತಿಂಗಳ ಕೊನೆಯ ಗುರುವಾರ ಬೆಳಗ್ಗೆ ತನ್ನ ಹಾಸಿಗೆಯಲ್ಲೇ ತೀರಿಕೊಂಡ. ಹಿಂದಿನ ದಿನ ತಲೆನೋವೆಂದು ಬೇಗ ಮಲಗಿದ್ದ. ಹೆಂಡತಿ ಐರೀನ್ ಕಾಫಿ ಇಟ್ಟು ಕೂಗಿದಾಗ ಎದ್ದು ಬರಲಿಲ್ಲ. ತಲೆಯೊಳಗೆ ರಕ್ತ ಒಸರಿದೆ ಎಂದರು ವೈದ್ಯರು. ಅವನಿಗೆ ಅರವತ್ತೇಳು ವರ್ಷವಾಗಿತ್ತು.

ಸಸ್ಕಾಚವಾನಿನ ಬಯಲಿನ ನಮ್ಮ ಸ್ಟೋನಿ ಬೆಂಡ್ ಊರಿಗೆ ಅವನು ಎರಡು ಕಾರಣಕ್ಕೆ ಗೊತ್ತಿದ್ದ. ಹಿಮ ಮುಚ್ಚಿದ ಹಳ್ಳಿರಸ್ತೆಗಳನ್ನು ಗ್ರೇಡರ್ ಯಂತ್ರದಲ್ಲಿ ಕೆರೆದು ದಾರಿ ಮಾಡಿಕೊಡುತ್ತಿದ್ದವನು ಅವನು. ಶಾಲೆಯ ಬಸ್ಸು, ಹಾಲಿನ ಲಾರಿ, ಹೆರಿಗೆನೋವು ಬಂದ ಹೆಂಗಸರು, ಎಲ್ಲರೂ ಅವನ ಹಿಂದೆ ಹೋದವರೇ. ಅದಕ್ಕೂ ಮೊದಲು, ಮೀಸೆ ಚಿಗುರುವ ವಯಸ್ಸಿನಲ್ಲಿ, ಊರಿನ ಐಸ್ ಹಾಕಿ ತಂಡ ಬ್ಯಾಜರ್ಸ್‌ನಲ್ಲಿ ಹೊಡೆದಾಟಕ್ಕೆಂದೇ ಇಟ್ಟುಕೊಂಡ ಆಟಗಾರ. ಎದುರಿನವರು ನಮ್ಮ ಸಣ್ಣ ಹುಡುಗರನ್ನು ಕೆಡವಿದರೆ ಕೋಚು ಬೆಂಚಿನ ಆ ತುದಿಗೆ ಒಂದು ನೋಟ ಬೀರುತ್ತಿದ್ದ, ಒರೆಸ್ಟ್ ಅಂಗಳದ ಸುತ್ತಲಿನ ಹಲಗೆ ಹಾರಿ ಮಂಜುಗಡ್ಡೆಗೆ ಇಳಿಯುತ್ತಿದ್ದ. ಹೊಡೆದಾಟಕ್ಕೆ ಅವನು ಕೈಗವಸು ಕಳಚಿ ಕೆಳಗೆ ಹಾಕಿದರೆ ಸಾಕು, ಜನ ಎದ್ದು ನಿಲ್ಲುತ್ತಿದ್ದರು. ಎಷ್ಟು ಗೋಲು ಹೊಡೆದ ಎಂದು ಯಾರೂ ಕೇಳಿದ್ದಿಲ್ಲ. ಬಲಗೈಯ ಗೆಣ್ಣುಗಳು ಚಪ್ಪಟೆಯಾಗಿ ಹೋಗಿದ್ದವು. ಸೂಪಿನ ಚಮಚ ಹಿಡಿದಾಗ ಅದು ಎದ್ದು ಕಾಣುತ್ತಿತ್ತು.

ಬ್ಯಾಜರ್ಸ್ ಯಾವ ಧಣಿಯ ತಂಡವೂ ಅಲ್ಲ, ಊರಿನದು. ಹಾಗಾಗಿ ಹಿಮ ಕರಗುವ ಹೊತ್ತಿಗೆ, ಡ್ರಾಫ್ಟಿಗೆ ಮುಂಚೆ, ಕರ್ಲಿಂಗ್ ಕ್ಲಬ್ಬಿನ ಮಹಡಿಯಲ್ಲಿ ಅಭಿಮಾನಿಗಳು ಸೇರುತ್ತಾರೆ. ಡ್ರಾಫ್ಟ್ ಎಂದರೆ ಪಶ್ಚಿಮದ ತಂಡಗಳೆಲ್ಲ ಸರದಿಯ ಮೇಲೆ ಹದಿನಾಲ್ಕು, ಹದಿನೈದರ ಹುಡುಗರ ಹೆಸರು ಕೂಗಿ ತಮ್ಮವರನ್ನಾಗಿ ಮಾಡಿಕೊಳ್ಳುವ ದಿನ. ಯಾರನ್ನು ಕೂಗಬೇಕು ಎಂದು ಊರು ಮೊದಲೇ ಜಗಳವಾಡಿಕೊಳ್ಳಬೇಕು. ತಂಡಕ್ಕೆ ಹುಡುಗರನ್ನು ಹುಡುಕುವ ಕೆಲಸದ ವೇಡ್ ಸಿಂಪ್ಕಿನ್ಸ್ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ. ಅಲ್ಲಿನ ನಿಯಮ ಎರಡೇ. ಕಣ್ಣಾರೆ ಆಟ ನೋಡದ ಹುಡುಗನ ಬಗ್ಗೆ ಬಾಯಿ ತೆರೆಯುವಂತಿಲ್ಲ. ತನ್ನ ಮನೆಯ ಹುಡುಗನ ಹೆಸರು ಬಂದರೆ ಎದ್ದು ಹೊರಗೆ ಹೋಗಬೇಕು. ಈ ಎರಡನೆಯದನ್ನು ತಂದವನು ಒರೆಸ್ಟೇ, ಪುರಸಭೆಯ ಒಬ್ಬ ಸದಸ್ಯ ತನ್ನ ತಂಗಿಯ ಮಗನಿಗಾಗಿ ಸಂಜೆಯಿಡೀ ಎಲ್ಲರ ತಲೆ ಕೊರೆದ ವರ್ಷ.

ಬರೆಯದ ಇನ್ನೊಂದು ಪದ್ಧತಿಯೂ ಇದೆ. ನಮಗೆ ಬೇಕಾದ ಹುಡುಗನನ್ನು ಊರೆಲ್ಲ ಬೈದುಕೊಂಡು ತಿರುಗುವುದು. ಸುದ್ದಿ ಹೊರಗೆ ಹೋಗುತ್ತದೆ, ಬೇರೆ ತಂಡಗಳು ಹಿಂಜರಿಯುತ್ತವೆ, ಹುಡುಗ ನಮ್ಮ ಸರದಿಯವರೆಗೆ ಉಳಿಯುತ್ತಾನೆ. ಒಮ್ಮೆ ಒರೆಸ್ಟ್ ಗೋಲು ಕಾಯುವ ಒಬ್ಬ ಗೋಲಿಯ ಮಂಡಿ ಸರಿಯಿಲ್ಲವೆಂದು ಎಂಥ ಮುಖ ಮಾಡಿಕೊಂಡು ಹೇಳಿದ್ದನೆಂದರೆ, ಎಲ್ಲ ತಂಡಗಳೂ ಆ ಹುಡುಗನನ್ನು ಬಿಟ್ಟುಕೊಟ್ಟಿದ್ದವು. ಆ ಮಂಡಿಯ ಕತೆ ಪ್ರತಿ ವರ್ಷ ಒಮ್ಮೆಯಾದರೂ ಮಹಡಿಯಲ್ಲಿ ಏಳುತ್ತಿತ್ತು.

ಉಳಿದಂತೆ ಅವನ ಬೇಡಿಕೆ ಯಾವಾಗಲೂ ಒಂದೇ. ತಂಡಕ್ಕೆ ಭಾರದ ಕೈಯವನೊಬ್ಬ ಬೇಕು. "ಮರ್ಯಾದಸ್ಥ ಹುಡುಗರನ್ನ ನೋಡ್ಬೇಕು ಅಂದ್ರೆ ನಾನು ಭಾನುವಾರ ಚರ್ಚಿಗೇ ಹೋಗ್ತೀನಿ" ಎನ್ನುತ್ತಿದ್ದ.

ಅವನ ನೆನಪಿನಿಂದ ಮೊದಲು ಹೋದದ್ದು ಪದಗಳು. ಚಮಚಕ್ಕೆ ಏನನ್ನುತ್ತಾರೆಂದು ಊಟದ ನಡುವೆ ಮರೆಯುತ್ತಿದ್ದ. ಬೆಳಕು ತಲೆಗೆ ಚುಚ್ಚುತ್ತದೆಂದು ಪರದೆ ಎಳೆದು ಕೂರುತ್ತಿದ್ದ. ಆಮೇಲೆ, ಅವನ ಕೊನೆಯ ವರ್ಷದ ಜನವರಿಯ ಒಂದು ಬೆಳಗ್ಗೆ, ವರ್ಷಗಟ್ಟಲೆ ತಾನೇ ಕೆರೆದ ರಸ್ತೆಯ ಕೂಡಲಿನಲ್ಲಿ ಗ್ರೇಡರ್ ನಿಲ್ಲಿಸಿಕೊಂಡು ಕೂತುಬಿಟ್ಟ. ಅಡುಗೆ ಅನಿಲದ ಲಾರಿ ಓಡಿಸುವ ಮರ್ವಿನ್ ಕ್ಲಾಸನ್, ಶಾಲೆಯ ದಿನಗಳಿಂದಲೂ ಅವನ ಗೆಳೆಯ, ಆ ದಾರಿಯಲ್ಲಿ ಬಂದವನು ಮೆಟ್ಟಿಲು ಹತ್ತಿ ಬಾಗಿಲು ತೆಗೆದ.

"ಯಂತ್ರ ಕೆಟ್ಟಿತೇನೋ?"

"ಇಲ್ಲ. ಮರ್ವಿನ್, ಎಡಕ್ಕೆ ಹೋದ್ರೆ ಏನಿದೆ?"

"ನಿನ್ನ ಮನೆ."

ಒರೆಸ್ಟ್ ತುಂಬ ಹೊತ್ತು ಎಡಕ್ಕೆ ನೋಡಿದ. "ಯಾರಿಗೂ ಹೇಳ್ಬೇಡ" ಎಂದ.

ಸಸ್ಕಟೂನ್ ನಗರದ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದಳು. ಹರೆಯದಲ್ಲಿ ತಿಂದ ಗುದ್ದುಗಳೆಲ್ಲ ಒಳಗೆ ಕೆಲಸ ಮಾಡುತ್ತಲೇ ಇವೆ, ಅವನ್ನು ಹಿಂದಕ್ಕೆ ತರುವ ಔಷಧಿಯಿಲ್ಲ. ಹೃದಯಕ್ಕೆಂದು ತೆಗೆದುಕೊಳ್ಳುವ ರಕ್ತ ತೆಳುವಾಗಿಸುವ ಮಾತ್ರೆ ಬೇರೆ. ತಲೆಗೆ ಇನ್ನೊಂದು ಪೆಟ್ಟು ಬೀಳಬಾರದು, ಎಲ್ಲಿಯೂ ಜಾರಿ ಬೀಳಬಾರದು. ಐರೀನ್ ಬಚ್ಚಲಿಗೆ, ಮೆಟ್ಟಿಲಿಗೆ ರಬ್ಬರು ಹಾಸಿದಳು. ಮಗಳು ಲರಿಸಾಗೆ ಹೇಳೋಣವೆಂದರೆ ಒರೆಸ್ಟ್ ಒಪ್ಪಲಿಲ್ಲ. ಗ್ರೇಡರ್ ಬಿಟ್ಟದ್ದಕ್ಕೆ ಸೊಂಟನೋವು ಎಂದು ಊರಿಗೆ ಹೇಳಿದ್ದಾಯಿತು.

ಲರಿಸಾಳ ಮಗ ಡನೈಲೊ. ಹದಿನಾಲ್ಕಕ್ಕೇ ಅಮ್ಮನಿಗಿಂತ ಒಂದು ತಲೆ ಎತ್ತರ. ಉಕ್ರೇನಿನಿಂದ ಬಂದ ಮನೆಗಳ ರೂಢಿಯಂತೆ ಅಜ್ಜನನ್ನು ಗೀಡೊ ಎಂದು ಕರೆಯುತ್ತಿದ್ದ. ಜರ್ಸಿಯೆಲ್ಲ ರಕ್ತವಾಗಿ ನಗುತ್ತ ನಿಂತ ಗೀಡೊನ ಹಳೆಯ ಫೋಟೊವೊಂದನ್ನು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದ. ಡ್ರಾಫ್ಟಿನಲ್ಲಿ ತನ್ನ ಹೆಸರು ಬರಬೇಕು, ಅದೂ ಬ್ಯಾಜರ್ಸ್ ಕೂಗಬೇಕು, ಇಷ್ಟೇ ಅವನ ಆಸೆ. ಅಜ್ಜನ ಆಸೆ, ಬರಬಾರದು ಎನ್ನುವುದು. ಮೊದಲಾದರೆ ಹುಡುಗ ಯಾರನ್ನಾದರೂ ಹಲಗೆಗೆ ಅಪ್ಪಳಿಸಿದಾಗ ಒರೆಸ್ಟ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದು ಚಪ್ಪಾಳೆ ತಟ್ಟುತ್ತಿದ್ದ. ಈಗ ಕೆಳಗೆ ಬಿದ್ದವನು ಏಳುವವರೆಗೆ ನೋಡುತ್ತಿದ್ದ.

ಆ ವರ್ಷದ ಸಭೆಯ ಸಂಜೆ ಮಹಡಿ ತುಂಬಿತ್ತು. ಎಂಬತ್ತು ದಾಟಿದ ಆಗ್ನೆಸ್ ಫ್ರೀಸನ್ ಎಂದಿನಂತೆ ಹುಡುಗರ ಆಟಕ್ಕಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರನ್ನು ನೋಡಿ ಬಂದಿದ್ದರು. ಬೇರೆ ಊರಿನ ಒಬ್ಬನ ಹೆಸರು ಬಂದಾಗ ಅವರೇ ಮೊದಲು ಬಾಯಿ ತೆರೆದರು.

"ಈ ಹುಡುಗ ಇನ್ನೂ ಬೆಳೀತಾನೆ. ಅವರಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾಳೆ. ಅಪ್ಪನ ಶೂ ನೋಡಿದ್ರೆ ದೋಣಿ."

"ಆಗ್ನೆಸ್, ನೀವು ಆಟಗಾರನ್ನ ಆರಿಸ್ತಿದ್ದೀರೋ, ಹೋರಿ ಕೊಳ್ತಿದ್ದೀರೋ?" ಎಂದ ಟೈರ್ ಅಂಗಡಿಯ ರೂಡಿ ಬಾಕ್.

"ಎರಡಕ್ಕೂ ಮೊದಲು ತಾಯೀನೇ ನೋಡ್ಬೇಕಪ್ಪ. ನಿಮ್ಮಮ್ಮನ್ನ ನೋಡಿಯೇ ನಾನು ನಿನ್ನ ಮೇಲೆ ಆಸೆ ಬಿಟ್ಟಿದ್ದು."

ಮಹಡಿ ನಕ್ಕಿತು. ನಗು ಇಳಿಯುವ ಮೊದಲೇ ರೂಡಿ ಡನೈಲೊನ ಹೆಸರು ಎತ್ತಿದ. ಎಲ್ಲರೂ ಒರೆಸ್ಟನ ಕಡೆ ತಿರುಗಿದರು. ಅವನು ಟೋಪಿ ಎತ್ತಿಕೊಂಡು ಹೊರಗೆ ಹೋದ.

ಆ ಬಾಗಿಲು ಎಂದೂ ಪೂರ್ತಿ ಮುಚ್ಚಿಕೊಂಡದ್ದಿಲ್ಲ. ಓಣಿಯಲ್ಲಿ ನಿಂತವನಿಗೆ ಒಳಗಿನದೆಲ್ಲ ಕೇಳುತ್ತಿತ್ತು.

"ಆಟ ಅಷ್ಟಕ್ಕಷ್ಟೆ. ಸ್ಕೇಟ್ ಮಾಡೋದು ಟ್ರ್ಯಾಕ್ಟರ್ ಕೆಸರಲ್ಲಿ ತಿರುಗಿದ ಹಾಗೆ."

"ಅವನ ಆಟ ಯಾರಿಗೆ ಬೇಕು? ಕೈ ನೋಡಿದ್ದೀಯಾ? ಅಜ್ಜನ ಕೈ."

"ಅವನು ಬೆಂಚಲ್ಲಿ ಕೂತಿದ್ರೆ ಸಾಕು ಕಣ್ರಯ್ಯ, ನಮ್ಮ ಹುಡುಗರ ತಂಟೆಗೆ ಯಾರೂ ಬರಲ್ಲ."

"ಮಗು ಅದು," ಆಗ್ನೆಸ್ ಅವರ ದನಿ. "ಇನ್ನೂ ನನ್ನ ಹತ್ರ ಬಂದು ಬಿಸ್ಕತ್ತು ಕೇಳುತ್ತೆ."

"ಒರೆಸ್ಟೂ ಒಂದು ಕಾಲಕ್ಕೆ ಮಗೂನೇ, ಆಗ್ನೆಸ್. ಏನು ಕಮ್ಮಿಯಾಯ್ತು ಅವನಿಗೆ?"

ವೇಡ್ ಗಂಟಲು ಸರಿಮಾಡಿಕೊಂಡ. "ನೋಡೋಣ. ಕೊನೇ ಸುತ್ತಿನವರೆಗೂ ಉಳಿದಿದ್ರೆ ಯೋಚನೆ ಮಾಡೋಣ. ಇಲ್ಲಾಂದ್ರೆ ಬಿಡೋಣ."

ಒರೆಸ್ಟ್ ಅಲ್ಲೇ ನಿಂತಿದ್ದರೆ ಆಗುತ್ತಿತ್ತು. ಆದರೆ ಅವನ ಕಿವಿ 'ಏನು ಕಮ್ಮಿಯಾಯ್ತು' ಎಂಬಲ್ಲಿಯೇ ನಿಂತುಹೋಗಿತ್ತು. ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಅವನನ್ನ ತಗೋಬೇಡಿ."

"ನಿಯಮ, ಒರೆಸ್ಟ್," ಎಂದ ರೂಡಿ. "ನೀನೇ ಮಾಡಿದ ನಿಯಮ."

"ಗೊತ್ತು. ಆದ್ರೂ ತಗೋಬೇಡಿ. ಹೊಡೆದು ಬಂದ ರಾತ್ರಿ ಅವನಿಗೆ ನಿದ್ದೆ ಬರಲ್ಲ. ನಾಲ್ಕು ವರ್ಷ ನೀವು ಎದ್ದು ನಿಂತು ಚಪ್ಪಾಳೆ ತಟ್ತೀರಿ. ಆಮೇಲೆ ಇದು..." ಪದ ಸಿಗಲಿಲ್ಲ. ಟೋಪಿ ಹಿಡಿದ ಕೈಯಿಂದಲೇ ಹಣೆ ತಟ್ಟಿಕೊಂಡ. ಮತ್ತೆ ತಟ್ಟಿಕೊಂಡ. "ಇದು ಒಳಗಡೆ ಹಾಳಾಗುತ್ತೆ."

ಒರೆಸ್ಟನ ಬಾಯಲ್ಲಿ ಇಂಥ ಮಾತು ಯಾರೂ ಕೇಳಿದ್ದಿಲ್ಲ. ಆಮೇಲೆ ರೂಡಿ ತೊಡೆ ತಟ್ಟಿ ನಗಲು ಶುರುಮಾಡಿದ.

"ಗೋಲಿಯ ಮಂಡಿ! ಆವತ್ತು ಮಂಡಿ, ಇವತ್ತು ತಲೆ. ಮುದುಕ ಮೊಮ್ಮಗನ್ನ ಬಚ್ಚಿಡ್ತಾ ಇದಾನೆ ಕಣ್ರಯ್ಯ!"

ಆಗ ಎಲ್ಲರಿಗೂ ಹೊಳೆಯಿತು. ಬೆನ್ನು ತಟ್ಟಿದರು. ಯಾರೋ ಅವನ ಕೈಗೆ ವಿಸ್ಕಿ ಕೊಟ್ಟರು. ಮರ್ವಿನ್ ಎದ್ದು ನಿಂತ. "ಅವನು ನಿಜ ಹೇಳ್ತಿದಾನೆ. ನಾಟಕ ಅಲ್ಲ. ಅವನಿಗೆ ಹುಷಾರಿಲ್ಲ."

"ಜೊತೆಗಾರನೂ ರೆಡಿ," ಎಂದರು ಹಿಂದಿನವರು. "ಇಬ್ಬರೂ ಚೆನ್ನಾಗಿ ಕಲ್ತ್ಕೊಂಡು ಬಂದಿದ್ದೀರಪ್ಪ."

ವೇಡ್ ಮಾತ್ರ ನಗಲಿಲ್ಲ. ಒರೆಸ್ಟ್ ತನ್ನದೇ ನಿಯಮ ಮುರಿದು ಬಚ್ಚಿಡಲು ಬಂದಿದ್ದಾನೆ ಎಂದರೆ ಹುಡುಗನಲ್ಲಿ ತನಗೆ ಕಾಣದ ಏನೋ ಇದೆ. ಬೇರೆ ತಂಡಕ್ಕೆ ವಾಸನೆ ಹತ್ತುವ ಮೊದಲೇ ಹಿಡಿಯಬೇಕು. ಇದನ್ನು ಅವನೇ ಆಮೇಲೆ ಮರ್ವಿನ್‌ಗೆ ಹೇಳಿದ, ಹೆಮ್ಮೆಯಿಂದ.

ಡ್ರಾಫ್ಟಿನ ದಿನ ಮೂರನೆಯ ಸುತ್ತಿನಲ್ಲೇ ಬ್ಯಾಜರ್ಸ್ ಡನೈಲೊ ಹೆಸರು ಕೂಗಿದರು. ಲರಿಸಾಳ ಮನೆಯಲ್ಲಿ ನೆಂಟರೆಲ್ಲ ಕಂಪ್ಯೂಟರಿನ ಸುತ್ತ ಸೇರಿದ್ದರು. ಹುಡುಗ ಅಮ್ಮನನ್ನು ನೆಲದಿಂದ ಎತ್ತಿ ತಿರುಗಿಸಿದ. ಗೀಡೊ ಗೋಡೆಯ ಪಕ್ಕದ ಕುರ್ಚಿಯಿಂದ ಎದ್ದು ಬಂದು ಕೈ ಕುಲುಕಿ, ಆ ಕೈಯನ್ನು ಹಿಡಿದುಕೊಂಡೇ ನಿಂತ. ಬಿಡು ಎಂದು ಐರೀನ್ ಮೆಲ್ಲಗೆ ಹೇಳಬೇಕಾಯಿತು.

ಕೆಲವು ದಿನದಲ್ಲೇ ಮಹಡಿಯ ಕತೆ ತಮಾಷೆಯಾಗಿ ಲರಿಸಾಳ ಮನೆ ತಲುಪಿತು. ಡನೈಲೊ ಸೈಕಲ್ಲಿನಲ್ಲಿ ನಗುತ್ತಲೇ ಬಂದ.

"ಗೀಡೊ, ನನ್ನನ್ನ ಬೇಡ ಅಂದ್ಯಂತೆ. ನಾಟಕ ಅಲ್ವಾ ಅದು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಐರೀನ್ ಅಡುಗೆಮನೆಯಿಂದ ಕಣ್ಣಿನಲ್ಲೇ ಬೇಡಿಕೊಂಡಳು.

"ಅಲ್ಲ," ಎಂದ ಒರೆಸ್ಟ್.

ಹುಡುಗ ಸೈಕಲ್ ತಿರುಗಿಸಿಕೊಂಡು ಹೊರಟುಹೋದ. ಬೇಸಿಗೆಯಿಡೀ ಬರಲಿಲ್ಲ. ಲರಿಸಾ ಫೋನಿನಲ್ಲಿ ಅಮ್ಮನ ಜೊತೆ ಮಾತ್ರ ಮಾತಾಡಿ ಇಟ್ಟುಬಿಡುತ್ತಿದ್ದಳು. ನಿಜ ಹೇಳು, ನಿನ್ನ ಕಾಯಿಲೆ ಹೇಳು ಎಂದು ಮರ್ವಿನ್ ಗೋಗರೆದ. "ಹೇಳಿದ್ರೆ ಅದೂ ಗೋಲಿಯ ಮಂಡಿನೇ ಆಗುತ್ತೆ" ಎಂದ ಒರೆಸ್ಟ್. ಸಂಜೆ ಹೊರಗಿನ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಕೆಲವು ಸಂಜೆ ಯಾರಿಗಾಗಿ ಕಾಯುತ್ತಿದ್ದೇನೆಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ಆಗಸ್ಟ್ ಕೊನೆಗೆ, ತಂಡದ ಶಿಬಿರ ಶುರುವಾಗುವ ವಾರ, ಬುಧವಾರ ಮಧ್ಯಾಹ್ನ, ಐರೀನ್ ಪೆರೊಗಿ ಕಡುಬು ಕಟ್ಟಲು ಚರ್ಚಿನ ಅಡುಗೆಮನೆಗೆ ಹೋಗಿದ್ದಳು. ಡನೈಲೊ ಗ್ಯಾರೇಜಿನ ಬಾಗಿಲಲ್ಲಿ ಬಂದು ನಿಂತ. ಒಳಗೆ ಬರಲಿಲ್ಲ.

"ಗೀಡೊ, ಶಿಬಿರಕ್ಕೆ ದೊಡ್ಡವರೂ ಬರ್ತಾರೆ. ಗಡ್ಡ ಬಿಟ್ಟವರು. ನನ್ನನ್ನ ಯಾಕೆ ತಗೊಂಡ್ರು ಅಂತ ಅವರಿಗೆಲ್ಲ ಗೊತ್ತು."

"ಹೆದರಿಕೆ ಆಗ್ತಿದೆಯಾ?"

"ಹೂಂ." ಆಮೇಲೆ, "ಹೊಡೆಯೋದು ಹೇಳ್ಕೊಡು."

ಒರೆಸ್ಟ್ ಗೋಡೆಗೆ ಒರಗಿಸಿದ್ದ ಹಳೆಯ ಕಾರ್ಪೆಟ್ಟನ್ನು ಸಿಮೆಂಟು ನೆಲದ ಮೇಲೆ ಹಾಸಿದ. ಶೂ ಬಿಚ್ಚಿದ. "ಹೊಡೆಯೋದು ಯಾರು ಬೇಕಾದ್ರೂ ಕಲೀತಾರೆ. ಬೀಳೋದು ಹೇಳ್ಕೊಡ್ತೀನಿ, ಬಾ."

ಎದುರಿನವನ ಬಲತೋಳನ್ನು ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿ. ಗಲ್ಲ ಎದೆಗೆ ಒತ್ತು. ಹಣೆ ಅವನ ಹೆಗಲಿಗೆ ತೂರಿಸು. ಒಂದು ಮಂಡಿ ಮಡಿಸಿ ಅವನನ್ನೂ ಎಳೆದುಕೊಂಡು ಕೆಳಗೆ ಹೋಗು. ಇಬ್ಬರೂ ಬಿದ್ದರೆ ರೆಫರಿಗಳು ಬಂದು ಬಿಡಿಸುತ್ತಾರೆ, ಅಲ್ಲಿಗೆ ಮುಗಿಯಿತು.

"ಎಲ್ಲರೂ ನಗ್ತಾರೆ, ಗೀಡೊ."

"ನಗಲಿ. ನಾನು ಒಂದು ಸಲಾನೂ ಬೀಳಲಿಲ್ಲ. ಎಲ್ಲರೂ ಎದ್ದು ನಿಂತ್ರು. ಈಗ ಅವರಲ್ಲಿ ಅರ್ಧ ಜನದ ಹೆಸರೇ ನನಗೆ ನೆನಪಿಲ್ಲ. ಮೊನ್ನೆ ನಿಮ್ಮಮ್ಮನ ಹೆಸರು ಬರಲಿಲ್ಲ."

ಹುಡುಗ ಅವನ ಮುಖ ನೋಡಿದ. ಆಮೇಲೆ ಅಜ್ಜನ ತೋಳು ಹಿಡಿದ. ಆದರೆ ಮಂಡಿ ಬಗ್ಗಲಿಲ್ಲ. ಮತ್ತೆ ಮತ್ತೆ ಮಾಡಿದರೂ ಕೊನೆಗೆ ಕಾಲೂರಿ ನಿಂತುಬಿಡುತ್ತಿದ್ದ. ಅಜ್ಜನ ಕಾಲಿನಂಥದೇ ಕಾಲು.

"ನನ್ನನ್ನ ನೋಡು," ಎಂದು ಒರೆಸ್ಟ್ ಮೊಮ್ಮಗನ ತೋಳು ಹಿಡಿದು ಬಿದ್ದ. ಮೇಜಿನ ಕಾಲು ಹಿಡಿದು ಎದ್ದ. ಮತ್ತೆ ಬಿದ್ದ. ಈ ಸಲ ಹಿಂದಲೆ ಕಾರ್ಪೆಟ್ಟಿಗೆ ತಾಗಿ ಸಣ್ಣ ಸದ್ದಾಯಿತು.

"ಸಾಕು ಗೀಡೊ. ಗೊತ್ತಾಯ್ತು ನಂಗೆ."

"ಗೊತ್ತಾಗಿಲ್ಲ. ಈಗ ನಾನು ಗಲ್ಲ ಎತ್ತಿಬಿಟ್ಟೆ, ಅದಕ್ಕೇ ತಲೆಗೆ ತಾಗಿತು. ಹಾಗೆ ಮಾಡ್ಬಾರ್ದು. ಸರಿಯಾಗಿ ನೋಡ್ಕೋ."

ಅವನು ಹುಡುಗನ ತೋಳನ್ನು ಮೊಣಕೈ ಹತ್ತಿರ ಹಿಡಿದ, ಗಲ್ಲವನ್ನು ಎದೆಗೆ ಒತ್ತಿಕೊಂಡ, ಹಣೆಯನ್ನು ಅವನ ಹೆಗಲಿಗಿಟ್ಟ, ಮತ್ತು ಇನ್ನೊಮ್ಮೆ ಬಿದ್ದ.